ಅಕ್ಸೆಲ್ ಲಾರ್ಸೆನ್: ತಡವಾಗಿ ಬಾಯಿಬಿಟ್ಟ ನಾಯಕ

ಮೊದಲು ಒಂದು ಪ್ರಶ್ನೆ. ನಿಮ್ಮ ಗುಂಪೇ ತಪ್ಪು ಮಾಡ್ತಿದೆ ಅಂತ ಗೊತ್ತಾದ್ರೆ ಹೇಳ್ತೀರಾ, ಸುಮ್ನಿರ್ತೀರಾ? ಉತ್ತರ ಮನಸ್ಸಲ್ಲೇ ಇಟ್ಕೊಳ್ಳಿ. ಇವತ್ತಿನ ಕಥೆ ಡೆನ್ಮಾರ್ಕ್‌ದು.

1/5
ಅಕ್ಸೆಲ್ ಲಾರ್ಸೆನ್ ಹುಟ್ಟಿದ್ದು 1897ರಲ್ಲಿ, ಫ್ಯೂನ್ ದ್ವೀಪದ ಒಂದು ಹಳ್ಳಿಯಲ್ಲಿ. ರೈಲ್ವೆಯಲ್ಲಿ ದುಡಿದ, ಕೋಪನ್‌ಹೇಗನ್‌ನಲ್ಲಿ ಸೈಕಲ್ ತುಳಿದು ಡೆಲಿವರಿ ಕೆಲಸ ಮಾಡಿದ. ಆಮೇಲೆ ಕಮ್ಯುನಿಸ್ಟ್ ಪಕ್ಷ ಸೇರಿ, ಮಾಸ್ಕೋದ ಲೆನಿನ್ ಶಾಲೆಯಲ್ಲಿ ಓದಿ ಬಂದ. 1932ರಲ್ಲಿ ಪಕ್ಷದ ಅಧ್ಯಕ್ಷನಾದ. ಅದೇ ವರ್ಷ ಡೆನ್ಮಾರ್ಕ್ ಸಂಸತ್ತಿಗೆ ಮೊದಲ ಸಲ ಇಬ್ಬರು ಕಮ್ಯುನಿಸ್ಟರು ಆರಿಸಿ ಬಂದರು. ಒಬ್ಬ ಲಾರ್ಸೆನ್, ಇನ್ನೊಬ್ಬ ಆರ್ನೆ ಮುಂಕ್-ಪೀಟರ್ಸನ್. ಈ ಎರಡನೇ ಹೆಸರು ನೆನಪಿರಲಿ.

2/5
ಆರ್ನೆ ಮುಂದೆ ಪಕ್ಷದ ಕೆಲಸಕ್ಕೆ ಮಾಸ್ಕೋಗೆ ಹೋದ. 1937ರಲ್ಲಿ ಸ್ಟಾಲಿನ್‌ನ ಪೊಲೀಸರು ಅವನನ್ನು ಹಿಡಿದರು. 1940ರಲ್ಲಿ ಜೈಲಲ್ಲೇ ಸತ್ತ. ಬಂಧನದ ವಿಷಯ ಲಾರ್ಸೆನ್‌ಗೆ ಗೊತ್ತಿತ್ತು. ಆದರೂ ಊರಿಗೆ ಬಂದು ತುಟಿ ಬಿಚ್ಚಲಿಲ್ಲ. ಪಕ್ಷದ ಮರ್ಯಾದೆ ಮುಖ್ಯ ಆಯ್ತು, ಜೊತೆಗಾರನ ಜೀವ ಅಲ್ಲ.

3/5
ಹಾಗಂತ ಅವನು ಹೇಡಿ ಅಂದ್ಕೋಬೇಡಿ. 1940ರಲ್ಲಿ ಹಿಟ್ಲರ್‌ನ ಸೇನೆ ಡೆನ್ಮಾರ್ಕ್ ಹಿಡಿದಿತ್ತು. 1941ರಲ್ಲಿ ಅಲ್ಲಿನ ಪೊಲೀಸರೇ ಕಮ್ಯುನಿಸ್ಟರನ್ನು ಬಂಧಿಸೋಕೆ ಶುರು ಮಾಡಿದಾಗ ಲಾರ್ಸೆನ್ ತಪ್ಪಿಸಿಕೊಂಡು ಭೂಗತನಾದ. ಕನ್ಸರ್ವೇಟಿವ್ ನಾಯಕನ ಜೊತೆಗೂ ಕೈಜೋಡಿಸಿ ಗುಪ್ತ ಪತ್ರಿಕೆ ಕಟ್ಟಿದ. 1942ರಲ್ಲಿ ಸಿಕ್ಕಿಬಿದ್ದು, ಸಾಕ್ಸೆನ್‌ಹೌಸೆನ್ ಯಾತನಾ ಶಿಬಿರ ಸೇರಿದ. ಬದುಕಿ ವಾಪಸ್ ಬಂದವನು 1945ರ ವಿಮೋಚನಾ ಸರ್ಕಾರದಲ್ಲಿ ಮಂತ್ರಿಯಾದ. ಆ ವರ್ಷದ ಚುನಾವಣೆಯಲ್ಲಿ ಪಕ್ಷಕ್ಕೆ 18 ಸೀಟು! ಶತ್ರುವಿನ ಮುಂದೆ ಎದೆಯೊಡ್ಡಿದವನಿಗೆ ತನ್ನವರ ಮುಂದೆ ಬಾಯಿ ಬರಲಿಲ್ಲ. ಎರಡನೇ ಧೈರ್ಯ ಬೇರೆಯೇ ಅಲ್ವಾ?

4/5
ಆ ಧೈರ್ಯ ಬಂದಿದ್ದು 1956ರ ನಂತರ. ಕ್ರುಶ್ಚೇವ್ ಸ್ಟಾಲಿನ್‌ನ ಅಪರಾಧಗಳನ್ನು ಬಿಚ್ಚಿಟ್ಟ, ಹಂಗೇರಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದವು. ನಾವು ಮಾಸ್ಕೋ ಹೇಳಿದಂತೆ ನಡೆಯಬೇಕಿಲ್ಲ ಅನ್ನೋ ನಿಲುವಿಗೆ ಲಾರ್ಸೆನ್ ಬಂದ. 26 ವರ್ಷ ನಡೆಸಿದ ಪಕ್ಷವೇ 1958ರಲ್ಲಿ ಅವನನ್ನು ಹೊರಹಾಕಿತು. ಆಗ ವಯಸ್ಸು 61. ಮನೇಲಿ ಕೂರಲಿಲ್ಲ, 1959ರಲ್ಲಿ ಸೋಷಿಯಲಿಸ್ಟ್ ಪೀಪಲ್ಸ್ ಪಾರ್ಟಿ ಕಟ್ಟಿದ. 1960ರ ಚುನಾವಣೆಯಲ್ಲಿ ಹೊಸ ಪಕ್ಷಕ್ಕೆ 11 ಸೀಟು, ಹಳೇ ಪಕ್ಷಕ್ಕೆ ಸೊನ್ನೆ.

5/5
ಇಲ್ಲಿಗೆ ಮುಗಿಸಿದ್ರೆ ಸಿನಿಮಾ ಆಗ್ತಿತ್ತು. ಆದ್ರೆ ಇತಿಹಾಸ ಹಾಗಿರಲ್ಲ. 1966ರಲ್ಲಿ 20 ಸೀಟು ಗೆದ್ದು ಸೋಷಿಯಲ್ ಡೆಮಾಕ್ರಟ್ ಸರ್ಕಾರಕ್ಕೆ ಬೆಂಬಲ ಕೊಟ್ಟರು. ಮರುವರ್ಷ ಸರ್ಕಾರ ನೌಕರರ ತುಟ್ಟಿಭತ್ಯೆ (ನಮ್ಮ ಡಿಎ ಥರದ್ದೇ) ತಡೆಹಿಡಿಯಲು ಹೊರಟಿತು. ಲಾರ್ಸೆನ್ ಒಪ್ಪಿದ. ಅವನದೇ ಪಕ್ಷದ 6 ಸಂಸದರು ಒಪ್ಪಲಿಲ್ಲ. ಸರ್ಕಾರ ಬಿತ್ತು, ಪಕ್ಷ ಒಡೆಯಿತು. ಪ್ರಶ್ನೆ ಕೇಳಿ ಹೊರಬಿದ್ದವನ ಎದುರೇ ಈಗ ಪ್ರಶ್ನೆ ಕೇಳೋರು ನಿಂತಿದ್ದರು! 1968ರಲ್ಲಿ ನಾಯಕತ್ವ ಬಿಟ್ಟ, 1972ರಲ್ಲಿ ತೀರಿಕೊಂಡ. ಅಮೆರಿಕದ ಗುಪ್ತಚರರ ಜೊತೆಗೂ ಅವನಿಗೆ ರಹಸ್ಯ ಸಂಪರ್ಕ ಇತ್ತು ಅಂತ 2005ರಲ್ಲಿ ಬಂದ ಶೀತಲ ಸಮರದ ಅಧ್ಯಯನ ಹೇಳಿತು. ಅವನು ಕಟ್ಟಿದ ಪಕ್ಷ ಮಾತ್ರ ಇವತ್ತಿಗೂ ಡೆನ್ಮಾರ್ಕ್ ಸಂಸತ್ತಿನಲ್ಲಿದೆ.

ನಾವು ಬಿಕಾಂನವರು ಲೆಕ್ಕ ನೋಡೋದು ಎರಡೂ ಕಡೆಯಿಂದ ತಾನೇ? ಲಾರ್ಸೆನ್‌ನ ಲೆಕ್ಕದಲ್ಲಿ ಒಂದು ಕಡೆ 1958ರ ಮಾತಿದೆ, ಇನ್ನೊಂದು ಕಡೆ 1937ರ ಮೌನ. ಮಾತಿನಿಂದ ಹೊಸ ಪಕ್ಷ ಹುಟ್ಟಿತು, ನಿಜ. ಆದರೆ ಅದು ಆರ್ನೆಗೆ ಕೇಳಿಸಲೇ ಇಲ್ಲ. ತಡವಾಗಿ ಹೇಳಿದ ಸತ್ಯಕ್ಕೂ ಬೆಲೆ ಇದೆ, ಆದರೆ ತಡ ಮಾಡಿದ್ದಕ್ಕೆ ದಂಡ ಕಟ್ಟೋದು ಎಷ್ಟೋ ಸಲ ಬೇರೆಯವರು.

ಈಗ ಮೊದಲ ಪ್ರಶ್ನೆಗೆ ನಿಮ್ಮ ಉತ್ತರ ಅದೇನಾ, ಬದಲಾಯ್ತಾ? ಕಾಮೆಂಟ್‌ನಲ್ಲಿ ಹೇಳಿ.