ಸುಣ್ಣ, ಬಣ್ಣ ಮತ್ತು ಬಳಿಯುವ ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರಿಲ್ಲ. ಈ ಎರಡು ಮಹಾಕಾರ್ಯಗಳಿಗೂ ಬೇಕಾದ ಒಂದು ಕೆಲಸವನ್ನು ಮಾತ್ರ ಗಾದೆ ಮಾಡಿದವರು ಹೇಳದೆ ಬಿಟ್ಟರು. ಕಟ್ಟಿದ ಮನೆ ಕಣ್ಣಿಗೆ ಮನೆಯಂತೆ ತೋರಬೇಕಾದರೂ, ಮದುವೆಯ ಚಪ್ಪರ ಏಳಬೇಕಾದರೂ, ಮೊದಲು ಕರೆ ಹೋಗುವುದು ಸುಣ್ಣ ಬಣ್ಣದ ಮೇಸ್ತ್ರಿಗೆ. ಅವನು ಬಂದು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ. ಇಷ್ಟು ದಿನ, ಇಷ್ಟು ಆಳು, ಇಷ್ಟು ಹಣ ಎನ್ನುತ್ತಾನೆ. ನಾವು ಸ್ವಲ್ಪ ಚೌಕಾಸಿ ಮಾಡುತ್ತೇವೆ. ಕೆಲಸ ಮುಗಿದ ಮೇಲೆ ಗೋಡೆಯನ್ನು ಮೆಚ್ಚುತ್ತೇವೆ, ಬಳಿದವನನ್ನು ಮರೆಯುತ್ತೇವೆ. ಚರಿತ್ರಕಾರರೂ ಅವನನ್ನು ಬಹುಮಟ್ಟಿಗೆ ಮರೆತಿದ್ದಾರೆ. ಅರಮನೆಯನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿರುತ್ತದೆ. ಅದರ ಗೋಡೆಯನ್ನು ವರ್ಷವರ್ಷವೂ ಬೆಳ್ಳಗಿರಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ.

ಇಂದು ಆ ಕಸುಬಿನ ಚರಿತ್ರೆಯನ್ನು ಸಂಗ್ರಹವಾಗಿ ತಮ್ಮ ಮುಂದಿಡಬೇಕೆಂದಿದ್ದೇನೆ. ಇದು ಬರಿಯ ಅಲಂಕಾರದ ಕಥೆಯೆಂದು ಕೇಳುಗರು ಭಾವಿಸಬಾರದು. ಇದರೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಗೋಡೆಗೆ ಬಳಿಯುವ ಪದಾರ್ಥದಲ್ಲಿ ಏನಿದೆಯೆಂಬುದನ್ನು ಬಲ್ಲವರು ಯಾರು? ಆ ಚೆಲುವಿಗೆ ನಿಜವಾದ ಬೆಲೆಯನ್ನು ತೆರುವವರು ಯಾರು?

ಮೊದಲು ಸುಣ್ಣದಿಂದ ಆರಂಭಿಸೋಣ. ಸುಣ್ಣದ ಕಲ್ಲನ್ನಾಗಲಿ, ಕರಾವಳಿಯಲ್ಲಿ ಮಾಡುವಂತೆ ಚಿಪ್ಪನ್ನಾಗಲಿ ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಸುಟ್ಟರೆ ಅದರಲ್ಲಿದ್ದ ಅಂಗಾರಾಮ್ಲವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದರ ಮೇಲೆ ನೀರು ಹೊಯ್ದರೆ ಅದು ಕುದಿದು, ಅರಳಿ, ಹಿಟ್ಟಾಗುತ್ತದೆ. ಇದನ್ನು ತೆಳ್ಳಗೆ ಕಲಸಿ ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಅದೇ ಅಂಗಾರಾಮ್ಲವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಎಂದರೆ, ಸುಣ್ಣ ಹೊಡೆದ ಗೋಡೆಯ ಮೇಲಿರುವುದು ಕಾಗದದಷ್ಟು ತೆಳುವಾದ ಒಂದು ಕಲ್ಲಿನ ಹೊದಿಕೆ. ಈ ರಸಾಯನಶಾಸ್ತ್ರ ಹುಟ್ಟುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಸುಣ್ಣ ಸುಡುವವರು ಅದರ ಗುಣವನ್ನು ಬಲ್ಲವರಾಗಿದ್ದರು. ಬೇಯುವ ಸುಣ್ಣ ಕಣ್ಣಿಗೆ ಹಾರಿದರೆ ಅಪಾಯವೆಂಬುದನ್ನೂ ಬಲ್ಲವರಾಗಿದ್ದರು. ಅಪಾಯವಿದ್ದಿತು, ಆದರೆ ಗುಟ್ಟಿರಲಿಲ್ಲ.

ನಮ್ಮ ನಾಡಿನಲ್ಲಿ ಗೋಡೆಯನ್ನು ಅಣಿಮಾಡುವ ವಿದ್ಯೆ ಎಷ್ಟು ಬೆಳೆದಿದ್ದಿತೆಂಬುದಕ್ಕೆ ಒಂದು ಉಜ್ಜ್ವಲ ಸಾಕ್ಷಿಯುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿ ಚಿತ್ರಭಿತ್ತಿಯನ್ನು ಸಿದ್ಧಪಡಿಸುವ ಕ್ರಮ ಬಂದಿದೆ. ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರಿನಿಂದ ಈ ಗ್ರಂಥದ ಒಂದು ಭಾಗ 1926ರಲ್ಲಿ ಮೈಸೂರಿನಲ್ಲಿಯೇ ಅಚ್ಚಾಯಿತು. ಮೊದಲು ಗೋಡೆ ಸುಣ್ಣಗಾರೆಯಿಂದ ನಯವಾಗಬೇಕು. ಅನಂತರ ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆದ ವಜ್ರಲೇಪವೆಂಬ ಅಂಟಿನಲ್ಲಿ ಬಿಳಿಯ ಮಣ್ಣನ್ನು ಕಲಸಿ, ಒಂದು ಲೇಪ ಒಣಗಿದ ಮೇಲೆ ಇನ್ನೊಂದರಂತೆ ಮೂರು ಸಲ ಬಳಿಯಬೇಕು. ಆಮೇಲೆಯೇ ಬಣ್ಣದ ಮಾತು. ಬಿಳುಪಿಗೆ ಶಂಖ, ಕೆಂಪಿಗೆ ಇಂಗಳೀಕ, ಅರಗಿನ ರಸ ಮತ್ತು ಜಾಜು, ಹಳದಿಗೆ ಹರಿದಳ, ಕಪ್ಪಿಗೆ ಕಾಡಿಗೆ. ಚಕ್ರವರ್ತಿಯಾದವನು ಎಮ್ಮೆಯ ಚರ್ಮದ ಅಂಟಿನ ವಿಷಯವನ್ನು ಬರೆಯುವುದಕ್ಕೆ ಹಿಂಜರಿಯಲಿಲ್ಲವೆಂಬುದು ಗಮನಾರ್ಹ. ಇಂದಿನ ಒಳ್ಳೆಯ ಮೇಸ್ತ್ರಿಯನ್ನು ಕೇಳಿದರೆ ಅವನೂ ಇದನ್ನೇ ಹೇಳುತ್ತಾನೆ: ಬಣ್ಣದ ಆಯುಸ್ಸು ಬಣ್ಣದಲ್ಲಿಲ್ಲ, ಅದರ ಕೆಳಗಿನ ಸಿದ್ಧತೆಯಲ್ಲಿದೆ.

ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕುವ ಪದ್ಧತಿಯನ್ನು ಎಲ್ಲರೂ ಬಲ್ಲರು. ಸುಣ್ಣದ ಬಿಳುಪಿನಲ್ಲಿ ಸ್ವಲ್ಪ ಹಳದಿಯ ಛಾಯೆ ಇರುವುದರಿಂದ ನೀಲಿ ಅದನ್ನು ಮರೆಸಿ ಬಿಳುಪನ್ನು ಹೆಚ್ಚಿಸಿದಂತೆ ತೋರಿಸುತ್ತದೆ. ಹಿಂದೆ ಇಂಥ ಒಳ್ಳೆಯ ನೀಲಿಯೆಂದರೆ ಆಫ್ಘಾನಿಸ್ಥಾನದ ಬದಕ್ಷಾನಿನ ಗಣಿಗಳಿಂದ ಬರುತ್ತಿದ್ದ ಲಾಜವರ್ದದ ಕಲ್ಲು. ಯೂರೋಪಿನಲ್ಲಿ ಅದು ಚಿನ್ನದಷ್ಟು ದುಬಾರಿ. 1824ರಲ್ಲಿ ಫ್ರಾನ್ಸಿನ ಒಂದು ಸಂಘವು ಇದನ್ನು ಕೃತಕವಾಗಿ ತಯಾರಿಸಿದವರಿಗೆ 6000 ಫ್ರಾಂಕುಗಳ ಬಹುಮಾನವನ್ನು ಸಾರಿತು. ಗಿಮೆ ಎಂಬ ರಸಾಯನಜ್ಞನು ಅದನ್ನು ಗೆದ್ದನು. ಅರಸರ ಚಿತ್ರಶಾಲೆಯ ಬಣ್ಣ ಹೀಗೆ ಒಂದೆರಡು ತಲೆಮಾರುಗಳಲ್ಲಿ ಅಗಸನ ತೊಟ್ಟಿಗೂ ಬಡವನ ಸುಣ್ಣದ ಮಡಕೆಗೂ ಇಳಿದುಬಂದಿತು.

ಸುಣ್ಣಕ್ಕೆ ಸರ್ಕಾರದ ಗಮನ ದೊರೆತದ್ದು ರೋಗದ ದೆಸೆಯಿಂದ. 1896ರಲ್ಲಿ ಮುಂಬಯಿಯಲ್ಲಿಯೂ 1898ರಲ್ಲಿ ಬೆಂಗಳೂರಿನಲ್ಲಿಯೂ ಪ್ಲೇಗು ಕಾಣಿಸಿಕೊಂಡಾಗ, ಮನೆಗಳನ್ನು ತೊಳೆದು ಸುಣ್ಣ ಹೊಡೆಯುವುದು ನಿವಾರಣೋಪಾಯಗಳಲ್ಲಿ ಒಂದಾಗಿದ್ದಿತು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವಾದ್ದರಿಂದ ಸುಣ್ಣ ಆ ರೋಗವನ್ನು ತಡೆಯಲಾರದು. ಆದರೂ ಕ್ಷಾರಗುಣವುಳ್ಳ ಸುಣ್ಣ ಗೋಡೆಯ ಮೇಲಿನ ಬೂಷ್ಟನ್ನೂ ಅನೇಕ ಕ್ರಿಮಿಗಳನ್ನೂ ಕೊಲ್ಲುತ್ತದೆ. ಹಬ್ಬಕ್ಕೊಮ್ಮೆ ಸುಣ್ಣ ಹೊಡೆಯಬೇಕೆಂಬ ಸಂಪ್ರದಾಯದಲ್ಲಿ ಶುಭದೊಡನೆ ಆರೋಗ್ಯವೂ ಸೇರಿದ್ದಿತು.

ಇನ್ನು ಎಣ್ಣೆಬಣ್ಣಕ್ಕೆ ಬರೋಣ. ಇದರೊಡನೆ ನಮ್ಮ ಕಥೆ ಇಂಗ್ಲೆಂಡಿಗೆ ದಾಟುತ್ತದೆ. ಏಕೆಂದರೆ ಮನೆಗೆ ಬಣ್ಣ ಬಳಿಯುವುದು ಅಲ್ಲಿ ಬಹು ಹಿಂದೆಯೇ ಕಟ್ಟುಪಾಡುಳ್ಳ ವ್ಯಾಪಾರವಾಗಿದ್ದಿತು. ಲಂಡನ್ನಿನಲ್ಲಿ ಮರ ಮುಂತಾದುವಕ್ಕೆ ಬಣ್ಣ ಬಳಿಯುವವರ ಮತ್ತು ಬಟ್ಟೆಗೆ ಬಣ್ಣ ಹಾಕುವವರ ಶ್ರೇಣಿಗಳು 1502ರಲ್ಲಿ ಒಂದಾದುವು. 1581ರಲ್ಲಿ ಎಲಿಜಬೆತ್ ರಾಣಿ ಅವರಿಗೆ ಸನ್ನದನ್ನಿತ್ತಳು. ಗಾರೆಯವರು ತಮ್ಮ ಕೆಲಸವನ್ನು ಕಸಿದುಕೊಳ್ಳುತ್ತಿದ್ದಾರೆಂದು ಬಣ್ಣದವರು ಬಹುಕಾಲ ದೂರುತ್ತಿದ್ದರು. ಈ ಹಟದ ಹಿಂದೆ ಹೊಟ್ಟೆಪಾಡಿನೊಡನೆ ವಿದ್ಯೆಯ ಅಭಿಮಾನವೂ ಇದ್ದಿತು. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲ್ಲಿನ ಮೇಲೆ ಗಂಟೆಗಟ್ಟಲೆ ಅರೆಯುವುದು, ಹದವರಿತು ಬೆರೆಸುವುದು, ಎಷ್ಟು ಕೈ ಬಳಿಯಬೇಕೆಂದು ನಿರ್ಣಯಿಸುವುದು, ಇವೆಲ್ಲ ಏಳು ವರ್ಷ ಗುರುವಿನ ಬಳಿ ದುಡಿದು ಕಲಿಯುವ ಸಂಗತಿಗಳು.

ಆ ಬಣ್ಣಗಳ ತಾಯಿಯಂತಿದ್ದುದು ಸಫೇತ. ಸೀಸದ ತಗಡುಗಳನ್ನು ಹುಳಿಯ ಆವಿಗೆ ಒಡ್ಡಿ, ಗೊಬ್ಬರದ ಕಾವಿನಲ್ಲಿ ವಾರಗಟ್ಟಲೆ ಹೂತಿಟ್ಟರೆ ಅವು ಬೆಳ್ಳಗೆ ಪುಡಿಯಾಗುತ್ತವೆ. ಎಣ್ಣೆಯೊಡನೆ ಸೇರಿದಾಗ ಸಫೇತದಷ್ಟು ಮುಚ್ಚುವ, ಮಳೆಬಿಸಿಲನ್ನು ತಾಳುವ ಬಿಳುಪು ಬಹುಕಾಲ ಬೇರೊಂದಿರಲಿಲ್ಲ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಇಟಲಿಯ ವೈದ್ಯನಾದ ರಾಮಾಜ್ಜೀನಿಯು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ, ಬಣ್ಣಗಾರರ ಮುಖ ಕಳೆಗುಂದಿರುವುದನ್ನೂ ಅವರ ಮೈ ಸೊರಗುವುದನ್ನೂ ಗುರುತಿಸಿ, ಇದಕ್ಕೆ ಅವರು ಸದಾ ಮುಟ್ಟುವ ಮೂಸುವ ಬಣ್ಣಗಳೇ ಕಾರಣವೆಂದು ಹೇಳಿದ್ದಾನೆ. ತಡೆಯಲಾರದ ಹೊಟ್ಟೆನೋವು, ಮಣಿಕಟ್ಟು ಜೋತುಬೀಳುವುದು, ಒಸಡಿನ ಮೇಲೆ ನೀಲಿಯ ಗೆರೆ, ಇವು ಸೀಸದ ವಿಷದ ಲಕ್ಷಣಗಳು. ಕುಂಚ ಹಿಡಿಯುವ ಕೈಯೇ ಕುಂಚ ಹಿಡಿಯಲಾರದಂತಾಗುವುದಕ್ಕಿಂತ ಕ್ರೂರವಾದ ಪರಿಹಾಸ್ಯ ಬೇರೆ ಉಂಟೆ?

ಈ ನಡುವೆ ಕಸುಬಿನ ಗುಟ್ಟು ಅಂಗಡಿಗೆ ಬಂದಿತು. 1730ರ ದಶಕದಲ್ಲಿ ಲಂಡನ್ನಿನ ಎಮರ್ಟನ್ ಎಂಬ ವರ್ತಕನು ಅರೆದು ಸಿದ್ಧಮಾಡಿದ ಬಣ್ಣವನ್ನೂ ಬಳಿಯುವ ಕ್ರಮದ ಅಚ್ಚಾದ ಸೂಚನೆಗಳನ್ನೂ ಜೊತೆಯಾಗಿ ಮಾರತೊಡಗಿದನು. ಯಜಮಾನನು ತನ್ನ ಆಳುಗಳಿಂದಲೇ ಮನೆಗೆ ಬಣ್ಣ ಹಾಕಿಸಬಹುದಾಯಿತು. 1870ರ ದಶಕದಲ್ಲಿ ಅಮೆರಿಕದ ಷರ್ವಿನ್ ವಿಲಿಯಮ್ಸ್ ಸಂಸ್ಥೆ ಮುಚ್ಚಿ ತೆರೆಯಬಹುದಾದ ಡಬ್ಬಿಗಳಲ್ಲಿ ಕಲಸಿದ ಬಣ್ಣವನ್ನು ಮಾರುಕಟ್ಟೆಗೆ ತಂದಿತು. ಲಾಭ ದೊಡ್ಡದು, ಬಣ್ಣ ಅಗ್ಗವಾಯಿತು, ಸಾಮಾನ್ಯರ ಮನೆಗೂ ಬಂದಿತು. ಆದರೆ ಇದರೊಡನೆ ಒಂದು ನಷ್ಟವೂ ಆಯಿತು. ತಾನೇ ಅರೆದು ಕಲಸುತ್ತಿದ್ದವನಿಗೆ ತನ್ನ ಬಣ್ಣದೊಳಗೆ ಏನಿದೆಯೆಂದು ತಿಳಿದಿದ್ದಿತು. ಡಬ್ಬಿಯನ್ನು ತೆರೆಯುವವನಿಗೆ ತಿಳಿಯುವುದು ಅದರ ಮೇಲೆ ಅಚ್ಚಾದಷ್ಟೇ.

ವಿದ್ಯೆಯ ಬೆಲೆ ಇಳಿದಮೇಲೆ ಕೂಲಿಯ ಬೆಲೆಯೂ ಇಳಿಯುವುದು ಸಹಜ. ಈ ಸ್ಥಿತಿಯನ್ನು ಒಳಗಿನಿಂದ ಕಂಡು ಬರೆದವನು ರಾಬರ್ಟ್ ಟ್ರೆಸ್ಸೆಲ್. ಅವನ ನಿಜವಾದ ಹೆಸರು ರಾಬರ್ಟ್ ನೂನನ್. ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದಲ್ಲಿ ಮನೆಗಳಿಗೆ ಬಣ್ಣ ಹಾಕಿ, ಹಲಗೆಗಳ ಮೇಲೆ ಅಕ್ಷರ ಬರೆದು ಜೀವಿಸುತ್ತಿದ್ದವನು. ಬಣ್ಣದವರು ನಿಂತು ಕೆಲಸಮಾಡುವ ಅಡ್ಡೆಗೆ ಇಂಗ್ಲಿಷಿನಲ್ಲಿರುವ ಹೆಸರನ್ನೇ ತನ್ನ ಕಾವ್ಯನಾಮವಾಗಿ ಮಾಡಿಕೊಂಡನು. ಅವನ ಕಾದಂಬರಿಯಲ್ಲಿ ಒಂದು ಬಣ್ಣದ ಕಂಪೆನಿಯು ಎಲ್ಲರಿಗಿಂತ ಕಡಮೆಗೆ ಗುತ್ತಿಗೆ ಹಿಡಿಯುತ್ತದೆ. ಆ ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿ ಮೂರು ಕೈ ಬಳಿಯಬೇಕಾದಲ್ಲಿ ಎರಡನ್ನು ಬಳಿಸುತ್ತದೆ, ಬಿರುಕುಗಳನ್ನು ತುಂಬದೆ ತಿಪ್ಪೆ ಸಾರಿಸುತ್ತದೆ. ಒಳ್ಳೆಯ ಕೆಲಸಗಾರನು ನಿಧಾನಿಯೆಂದು ಕೆಲಸ ಕಳೆದುಕೊಳ್ಳುತ್ತಾನೆ. ಮೇಲೆ ಥಳಕು, ಒಳಗೆ ಹುಳಕು. ಟ್ರೆಸ್ಸೆಲನು ಕ್ಷಯರೋಗದಿಂದ 1911ರಲ್ಲಿ ತೀರಿಕೊಂಡನು. ಅವನ ಮಗಳು ಕಾಪಾಡಿಟ್ಟಿದ್ದ ಹಸ್ತಪ್ರತಿ 1914ರಲ್ಲಿ ಸಂಕ್ಷೇಪವಾಗಿಯೂ 1955ರಲ್ಲಿ ಪೂರ್ಣವಾಗಿಯೂ ಅಚ್ಚಾಯಿತು. ಅಗ್ಗದ ಗುತ್ತಿಗೆಯಲ್ಲಿ ಉಳಿಯುವ ಹಣ ಎಲ್ಲಿಂದ ಬರುತ್ತದೆಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಪುಸ್ತಕಗಳು ವಿರಳ.

ವಿಷವು ಬಣ್ಣಗಾರನಲ್ಲಿಯೇ ನಿಂತಿದ್ದರೆ ಲೋಕ ಇನ್ನೂ ಬಹುಕಾಲ ಸುಮ್ಮನಿರುತ್ತಿದ್ದಿತೋ ಏನೋ. 1904ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಎಂಬಾತನು ಅಲ್ಲಿನ ಮಕ್ಕಳಿಗೆ ತಗಲುತ್ತಿದ್ದ ಸೀಸದ ವಿಷಕ್ಕೆ ಮೂಲವು ಮನೆಯ ವರಾಂಡದ ಕಟಕಟೆಯ ಬಣ್ಣವೆಂದು ತೋರಿಸಿದನು. ಬಿಸಿಲಿಗೆ ಪುಡಿಯಾದ ಬಣ್ಣ ಆಡುವ ಮಕ್ಕಳ ಬೆರಳಿಗೆ ಹತ್ತಿ, ಬೆರಳಿನಿಂದ ಬಾಯಿಗೆ ಹೋಗುತ್ತಿದ್ದಿತು. 1921ರಲ್ಲಿ ಜಿನೀವದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಗೋಡೆಗಳಿಗೆ ಸಫೇತವನ್ನು ಬಳಸುವುದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತು. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಕೆರೆಯುವುದರಿಂದ ಏಳುವ ಧೂಳಿಗೆ ತಡೆ, ಕೈ ತೊಳೆಯುವುದಕ್ಕೆ ಅನುಕೂಲ, ಕೆಲಸಕ್ಕೆ ಬೇರೆ ಬಟ್ಟೆ, ಇವನ್ನೂ ಅದು ವಿಧಿಸಿತು. ಆದರೂ ಮನೆಬಣ್ಣದ ಸೀಸಕ್ಕೆ ಅಮೆರಿಕ ದೇಶವು ತಡೆಹಾಕಿದ್ದು 1978ರಲ್ಲಿ.

ನಮ್ಮಲ್ಲಿ ಕೈಗಾರಿಕೆಯಾಗಿ ಬಣ್ಣ ಬೆಳೆದ ಕಥೆಗೆ ಮೈಸೂರು ಹೊರತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗಿನ ಕಾರ್ಖಾನೆ ಸ್ಥಾಪಿತವಾಯಿತು. ಮುಂದೆ ಅದು ಮೈಸೂರು ಲ್ಯಾಕ್ ಅಂಡ್ ಪೈಂಟ್ ವರ್ಕ್ಸ್ ಎನಿಸಿ, 1989ರಲ್ಲಿ ಮೈಸೂರು ಪೈಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರನ್ನು ಪಡೆಯಿತು. 1962ರ ಮಹಾಚುನಾವಣೆಯಿಂದ ಭಾರತದ ಮತದಾರರ ಬೆರಳಿಗೆ ಹಚ್ಚುತ್ತ ಬಂದಿರುವ ಅಳಿಸಲಾಗದ ಶಾಯಿ ಇಲ್ಲಿಯದೇ. ಬಾಗಿಲಿಗೆ ವಾರ್ನಿಷು ಮಾಡುತ್ತಿದ್ದ ಕಾರ್ಖಾನೆ ಪ್ರಜಾರಾಜ್ಯದ ಗುರುತನ್ನೂ ಮಾಡಿತು. ಇನ್ನು ಸೀಸದ ವಿಷಯವಾಗಿ ಭಾರತ ಸರ್ಕಾರವು 2016ರಲ್ಲಿ ನಿಯಮಗಳನ್ನು ಮಾಡಿ, ಮನೆಯ ಬಣ್ಣಗಳಲ್ಲಿ ಅದು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಕೂಡದೆಂದು ವಿಧಿಸಿತು. ಇದು 2017ರ ನವೆಂಬರು 1ರಿಂದ ಜಾರಿಗೆ ಬಂದಿತು. ರಾಮಾಜ್ಜೀನಿಯ ಗ್ರಂಥಕ್ಕೂ ಈ ನಿಯಮಕ್ಕೂ ನಡುವೆ ಮುನ್ನೂರು ವರ್ಷಗಳ ಮೇಲಾಗಿದೆ. ತಿಳಿವಳಿಕೆಗೂ ಆಚರಣೆಗೂ ಇರುವ ದೂರವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ.

ಕಾನೂನು ಹೊಸ ಡಬ್ಬಿಯನ್ನು ತಡೆಯಬಹುದು. ಹಳೆಯ ಬಾಗಿಲನ್ನು ತಡೆಯಲಾರದು. ಹಿಂದಿನ ದಶಕಗಳ ಕಿಟಕಿ ಬಾಗಿಲುಗಳಲ್ಲಿ ಹಳೆಯ ಬಣ್ಣ ಪದರಪದರವಾಗಿ ಇನ್ನೂ ಇದೆ. ಅದನ್ನು ಒಣಗಿದ್ದಂತೆಯೇ ಉಜ್ಜಿದಾಗ ಏಳುವ ಪುಡಿ ಮೇಸ್ತ್ರಿಯ ಎದೆಗೂ ಮನೆಯ ಮಗುವಿನ ಅಂಗೈಗೂ ಸಮನಾಗಿ ಹೋಗುತ್ತದೆ. ಸೀಸವಿಲ್ಲದ ಬಣ್ಣದಲ್ಲಿಯೂ ದ್ರಾವಕಗಳ ಆವಿಯುಂಟು. ಲಿಯಾನ್ ನಗರದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1989ರಲ್ಲಿಯೇ ಬಣ್ಣ ಬಳಿಯುವ ಉದ್ಯೋಗವನ್ನು ಕ್ಯಾನ್ಸರನ್ನು ತರುವಂಥವುಗಳ ಸಾಲಿಗೆ ಸೇರಿಸಿದೆ.

ಆದುದರಿಂದ, ಮನೆಗೆ ಬಣ್ಣ ಹಾಕಿಸುವಾಗ ಇಡೀ ಮನೆಗೆ ಎಷ್ಟಾಗುತ್ತದೆಂಬ ಪ್ರಶ್ನೆಯೊಡನೆ ಇನ್ನು ಕೆಲವನ್ನು ಕೇಳುವುದು ಉಚಿತ. ಗೋಡೆಯನ್ನು ಅಣಿಮಾಡುವುದಕ್ಕೆ ಎಷ್ಟು ದಿನ ಇಟ್ಟಿದ್ದೀರಿ? ಹಳೆಯ ಬಣ್ಣವನ್ನು ನೀರು ಹಾಕಿ ನೆನೆಸಿ ಉಜ್ಜುತ್ತೀರಾ? ಆಳುಗಳ ಮೂಗು ಬಾಯಿಗೆ ಕವಚವುಂಟೆ? ಊಟಕ್ಕೆ ಮುಂಚೆ ಕೈ ತೊಳೆಯಲು ಸಾಬೂನು ನೀರು ಕೊಡುವುದು ನಮ್ಮ ಪಾಲಿನ ಕೆಲಸ. ಈ ಪ್ರಶ್ನೆಗಳಿಗೆ ಸಮಾಧಾನವಾಗಿ ಉತ್ತರ ಕೊಡುವ ಮೇಸ್ತ್ರಿ ಸ್ವಲ್ಪ ಹೆಚ್ಚು ಕೇಳಬಹುದು. ಕೊಡಬೇಕು, ಏಕೆಂದರೆ ಅವನು ಕೇಳುವ ಆ ಹೆಚ್ಚಿನ ಹಣ ಸೋಮೇಶ್ವರನ ಮೂರು ಲೇಪಗಳಿಗೆ ಸಲ್ಲುವ ಹಣ, ಒಂದು ಜೊತೆ ಪುಪ್ಪುಸಗಳಿಗೆ ಸಲ್ಲುವ ಹಣ. ಅದನ್ನು ನಾವು ಉಳಿಸಿದರೆ ಇನ್ನೊಬ್ಬರು ತೆರಬೇಕಾಗುತ್ತದೆ, ಮತ್ತು ಅವರು ತೆರುವುದು ನಾಣ್ಯದಲ್ಲಲ್ಲ.