ಹೊಸ್ತಿಲು ದಾಟಿದ ತಿಜೋರಿ

ಮನೆ ಪಾಲಾಗುವ ದಿನ ಪಾತ್ರೆಪಡಗ, ಮಂಚ, ಕಪಾಟು, ತೂಗುಮಣೆ ಎಲ್ಲವೂ ಅವರವರ ಗಾಡಿ ಏರಿ ಹೋಗುತ್ತವೆ. ಇದ್ದಲ್ಲಿಯೇ ಉಳಿಯುವುದು ಒಂದೇ: ನಡುಮನೆಯ ಮೂಲೆಯಲ್ಲಿ ಕುಳಿತ ಕಬ್ಬಿಣದ ತಿಜೋರಿ. ಒಳಗಿನದು ಹಂಚಿಹೋಗುತ್ತದೆ, ಪೆಟ್ಟಿಗೆ ಮಾತ್ರ ಮನೆ ಯಾರ ಪಾಲಿಗೆ ಬಂತೋ ಅವರದು. ಹಳೆಯ ಪೇಟೆಬೀದಿಗಳ ಸಾಹುಕಾರರ ಮನೆಗಳನ್ನು ಹೊಕ್ಕವರು ತಗ್ಗಾದ ತಲೆಬಾಗಿಲನ್ನೂ ಆಳೆತ್ತರದ ತಿಜೋರಿಯನ್ನೂ ಮಾರಿಮಾರಿ ನೋಡಿ, ಇದು ಒಳಗೆ ಬಂದದ್ದಾದರೂ ಹೇಗೆ ಎಂದು ಬೆರಗಾಗುವುದುಂಟು. ತಿಜೋರಿ ತಯಾರಿಸಿದವರ ಹೆಸರು ಅದರ ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ಇಂದಿಗೂ ಹೊಳೆಯುತ್ತದೆ. ಅದನ್ನು ಒಳಗೆ ತಂದವರ ಹೆಸರು ಯಾವ ಮನೆಯಲ್ಲಿಯೂ ಉಳಿದಿಲ್ಲ.

ತಿಜೋರಿ ನಮ್ಮಲ್ಲಿಗೆ ಬಂದದ್ದು ಬಹಳ ಹಿಂದೇನಲ್ಲ. ಅದಕ್ಕೂ ಮೊದಲು ನಮ್ಮವರು ನಂಬಿದ್ದು ನೆಲವನ್ನು. ಗಡಿಗೆಯಲ್ಲಿ ಹೊನ್ನು ತುಂಬಿ ಅಡುಗೆಮನೆಯಲ್ಲೋ ದನದ ಕೊಟ್ಟಿಗೆಯಲ್ಲೋ ಹೂಳುವುದು, ದಪ್ಪ ಮಣ್ಣಿನ ಗೋಡೆಯೊಳಗೆ ಗೂಡು ಮಾಡಿ ಮೇಲೆ ಗಿಲಾವು ಹೊಡೆಯುವುದು ಸರ್ವಸಾಧಾರಣವಾಗಿತ್ತು. ಹೂತವನು ಹೇಳದೆ ಸತ್ತರೆ ಅದೇ ನಿಧಿ. ಹೀಗೆ ಸಿಕ್ಕ ನಿಧಿ ಯಾರದೆಂಬ ಜಗಳ ತೀರಿಸಲು ಬ್ರಿಟಿಷ್ ಸರಕಾರ 1878ರಲ್ಲಿ ಒಂದು ಕಾಯಿದೆಯನ್ನೇ ತರಬೇಕಾಯಿತು; ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸತಕ್ಕದ್ದೆಂದು ಅದು ಹೇಳುತ್ತದೆ. ಭೂಮಿಗೆ ಬೆಂಕಿಯ ಭಯವಿಲ್ಲ, ಹೊತ್ತುಕೊಂಡು ಹೋಗುವ ಕಳ್ಳರ ಭಯವೂ ಇಲ್ಲ. ಆದರೆ ವ್ಯಾಪಾರ ಬೆಳೆದು, ನಗನಾಣ್ಯದ ಜೊತೆಗೆ ಪತ್ರ, ಹುಂಡಿ, ನೋಟುಗಳು ಸೇರಿಕೊಂಡಾಗ ಗಡಿಗೆ ಸಾಲದಾಯಿತು. ನೆಲದ ತೇವಕ್ಕೆ ಕಾಗದ ತಾಳದು. ದಿನಕ್ಕೆ ನಾಲ್ಕು ಸಲ ನೆಲ ಅಗೆಯಲೂ ಬರುವುದಿಲ್ಲ.

ಇತ್ತ ಯುರೋಪಿನಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಪೆಟ್ಟಿಗೆಗಳು ಶತಮಾನಗಳಿಂದ ಬಳಕೆಯಲ್ಲಿದ್ದವು. ಇಂದಿನ ರೂಪದ ತಿಜೋರಿ ಹುಟ್ಟಿದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ. ಬೀಗದ ವ್ಯಾಪಾರಿ ಚಾರ್ಲ್ಸ್ ಚಬ್ 1835ರಲ್ಲಿ ಕಳ್ಳರಿಗೆ ಬಗ್ಗದ ತಿಜೋರಿಗೆ ಪೇಟೆಂಟ್ ಪಡೆದ. 1840ರಲ್ಲಿ ಲಿವರ್‌ಪೂಲಿನ ಥಾಮಸ್ ಮಿಲ್ನರ್ ಬೆಂಕಿಗೆ ಉತ್ತರ ಕಂಡುಹಿಡಿದ. ಮಿಲ್ನರನ ಮಾರ್ಗದಲ್ಲಿ ಬೆಳೆದ ಉಪಾಯ ಸರಳವಾಗಿದೆ. ಎರಡು ಕಬ್ಬಿಣದ ಗೋಡೆಗಳ ನಡುವೆ ಪಟಿಕದ ಪುಡಿಯನ್ನು ಮರದ ಹೊಟ್ಟಿನೊಂದಿಗೆ ಬೆರೆಸಿ ತುಂಬುವುದು. ನಮ್ಮ ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುತ್ತಿದ್ದ ಅದೇ ಪಟಿಕ. ಅದರ ತೂಕದ ಅರ್ಧಕ್ಕೆ ತುಸು ಕಡಿಮೆ ಬರೀ ನೀರು, ಹರಳಿನೊಳಗೆ ಅಡಗಿ ಕುಳಿತ ನೀರು. ಹೊರಗೆ ಬೆಂಕಿ ಬಿದ್ದರೆ ಆ ನೀರು ಆವಿಯಾಗುತ್ತ ಕಾವನ್ನು ನುಂಗುತ್ತದೆ. ಒಳಗಿನ ಪತ್ರ ಸುಡದೆ ಉಳಿಯುತ್ತದೆ. ಉಳಿದರೂ ಅವಸರ ಮಾಡಬಾರದು. 1906ರ ಏಪ್ರಿಲ್‌ನಲ್ಲಿ ಸಾನ್ ಫ್ರಾನ್ಸಿಸ್ಕೊ ಭೂಕಂಪಕ್ಕೂ ಬೆಂಕಿಗೂ ತುತ್ತಾದಾಗ ಇನ್ನೂ ಬಿಸಿಯಾಗಿದ್ದ ತಿಜೋರಿಗಳನ್ನು ತೆರೆದವರ ಕಣ್ಣೆದುರೇ, ಗಾಳಿ ತಗುಲಿದೊಡನೆ ಕಾಗದಗಳು ಹೊತ್ತಿಕೊಂಡವು. ಬುದ್ಧಿವಂತ ಬ್ಯಾಂಕುಗಳು ದಿನಗಟ್ಟಲೆ ಕಾದವು.

ಕಳ್ಳರ ಕಥೆ ಬೇರೆ. 1851ರ ಲಂಡನ್ನಿನ ಮಹಾಪ್ರದರ್ಶನದ ಸಮಯದಲ್ಲಿ ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕನ್ ಬೀಗದವನು, ಯಾರಿಂದಲೂ ತೆರೆಯಲಾಗದೆಂದು ಹೆಸರಾಗಿದ್ದ ಚಬ್ ಮತ್ತು ಬ್ರಾಮಾ ಬೀಗಗಳೆರಡನ್ನೂ ಬಿಚ್ಚಿ ತೋರಿಸಿದ. 1865ರಲ್ಲಿ ಅದೇ ಊರಿನ ಕಾರ್ನ್‌ಹಿಲ್ ಬೀದಿಯ ಆಭರಣದಂಗಡಿಯಲ್ಲಿ ಕಳ್ಳರು ಬೀಗದ ತಂಟೆಗೇ ಹೋಗದೆ ಬಾಗಿಲ ಸಂದಿಗೆ ಉಕ್ಕಿನ ಬೆಣೆಗಳನ್ನು ಬಡಿದು ತಿಜೋರಿಯನ್ನು ಸೀಳಿದರು. ಅಂಗಡಿಯವನು ತಿಜೋರಿ ಮಾಡಿದವರ ಮೇಲೆಯೇ ದಾವೆ ಹೂಡಿದ. ಪ್ರತಿ ಕಳ್ಳತನದ ಬಳಿಕ ತಗಡು ಇನ್ನಷ್ಟು ದಪ್ಪವಾಯಿತು, ಬಾಗಿಲು ಇನ್ನಷ್ಟು ಭಾರವಾಯಿತು. ಬೀಗ ಮೋಸಹೋಗಬಹುದು, ಭಾರಕ್ಕೆ ಮೋಸವಿಲ್ಲ ಎಂಬುದು ಕೊಳ್ಳುವವನ ನಂಬಿಕೆಯೂ ಆಯಿತು.

ಆ ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. ಅರ್ಧ ಅಂಗುಲ ದಪ್ಪದ ಉಕ್ಕಿನ ಹಲಗೆ ಚದರಡಿಗೆ ಒಂಬತ್ತು ಕಿಲೋ ಮೀರುತ್ತದೆ. ನಾಲ್ಕಡಿ ಎತ್ತರ, ಎರಡೂವರೆ ಅಡಿ ಅಗಲ, ಅಷ್ಟೇ ಆಳದ ಪೆಟ್ಟಿಗೆಗೆ ಐವತ್ತೆರಡೂವರೆ ಚದರಡಿ ಹಲಗೆ ಬೇಕು. ಹೊರಗೋಡೆಯೊಂದೇ ಸುಮಾರು 485 ಕಿಲೋ ಆಯಿತು. ಒಳಗೋಡೆ, ಪಟಿಕದ ತುಂಬು, ಬೀಗದ ಗೂಟಗಳು ಸೇರಿದರೆ 800 ಕಿಲೋ ಎನ್ನಲಡ್ಡಿಯಿಲ್ಲ. ಅಂದರೆ ಎಂಟು ಕ್ವಿಂಟಲ್ ಮೂಟೆ ಅಕ್ಕಿ. ಮೂಟೆಗಳನ್ನಾದರೆ ಒಂದೊಂದಾಗಿ ಒಳಗೆ ಹಾಕಬಹುದು. ತಿಜೋರಿ ಒಂದೇ ಸಲಕ್ಕೆ ಬರಬೇಕು.

ಮೊದಮೊದಲು ಅದು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿತ್ತು. ಈ ಆಮದಿಗೆ ಎದುರು ನಿಂತವರು ಮುಂಬಯಿಯ ಪಾರ್ಸಿ ವಕೀಲ ಅರ್ದೇಶಿರ್ ಗೋದ್ರೆಜ್. ವಕೀಲಿ ಬಿಟ್ಟು ಮೊದಲು ಶಸ್ತ್ರಚಿಕಿತ್ಸೆಯ ಉಪಕರಣ ತಯಾರಿಸಿದರು. ಭಾರತದಲ್ಲಿ ತಯಾರಾದದ್ದೆಂಬ ಮುದ್ರೆ ಬೇಡವೆಂದು ಗಿರಾಕಿ, ಬೇಕೇಬೇಕೆಂದು ಇವರು. ಆ ಹಟದಲ್ಲಿ ವ್ಯಾಪಾರ ಮುರಿಯಿತು. 1897ರಲ್ಲಿ ಲಾಲ್‌ಬಾಗ್‌ನ ಒಂದು ಶೆಡ್ಡಿನಲ್ಲಿ ಬೀಗದ ಕೆಲಸ ಆರಂಭಿಸಿ, ಕೆಲವೇ ವರ್ಷಗಳಲ್ಲಿ ತಿಜೋರಿಗೆ ಕೈಹಾಕಿದರು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಮದ್ದುಗುಂಡು ತುಂಬಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದು ನೂರಾರು ಜನ ಸತ್ತು, ಸುತ್ತಲ ಗೋದಾಮು, ಅಂಗಡಿ, ಮನೆಗಳು ಉರಿದುಹೋದವು. ಆ ಬೆಂಕಿಯಲ್ಲಿಯೂ ತನ್ನ ತಿಜೋರಿಗಳೊಳಗಿನ ಕಾಗದ ಸುಡಲಿಲ್ಲವೆಂದು ಕಂಪನಿ ಬಹುಕಾಲ ಹೆಮ್ಮೆಯಿಂದ ಹೇಳಿಕೊಂಡಿತು. ಅದೇ ಹಡಗಿನಲ್ಲಿದ್ದ ಚಿನ್ನದ ಗಟ್ಟಿಯೊಂದು ಹಾರಿ, ದೂರದ ಮನೆಯೊಂದರ ಮಾಡು ಸೀಳಿಕೊಂಡು ಬಿತ್ತು. ಮನೆಯ ಹಿರಿಯರು ಅದನ್ನು ಹಿಂದಿರುಗಿಸಿದರು. ಹಮಾಲರ ನೆರವಿಲ್ಲದೆ ಭಾಗ್ಯ ಮನೆಯೊಳಗೆ ಬಂದ ಅಪರೂಪದ ಸಂದರ್ಭ ಅದು!

ಉಳಿದ ಎಲ್ಲ ಸಂದರ್ಭಗಳಲ್ಲಿಯೂ ಹಮಾಲರು ಬೇಕಾಗಿತ್ತು. ‘ಹಮಾಲ’ ಎಂಬ ಮಾತು ಅರಬ್ಬಿಯಿಂದ ಬಂದದ್ದು, ಹೊರುವವನೆಂದರ್ಥ. ಆದರೆ ತಿಜೋರಿಯನ್ನು ಹೊರುವುದಿಲ್ಲ, ನಡೆಸುತ್ತಾರೆ. ಎತ್ತಿನ ಗಾಡಿಯಿಂದಲೋ ಲಾರಿಯಿಂದಲೋ ಇಳಿಸುವುದೇ ಮೊದಲ ಗಂಡಾಂತರ. ಎರಡು ದಪ್ಪ ತೊಲೆಗಳನ್ನು ಇಳಿಜಾರಾಗಿ ನಿಲ್ಲಿಸಿ, ತಿಜೋರಿಗೆ ಕಟ್ಟಿದ ಹಗ್ಗವನ್ನು ಬೀದಿಯ ಮರಕ್ಕೋ ಕಲ್ಲುಕಂಬಕ್ಕೋ ಎರಡು ಸುತ್ತು ಸುತ್ತುತ್ತಾರೆ. ಹಗ್ಗ ಕಂಬಕ್ಕೆ ಉಜ್ಜುವ ಬಿಗಿಯಿಂದಾಗಿ, ಎಂಟು ಜನ ಜಗ್ಗಿ ಹಿಡಿಯಬೇಕಾದ ಭಾರವನ್ನು ಒಬ್ಬನೇ ಇಷ್ಟಿಷ್ಟೆ ಸಡಿಲಿಸುತ್ತ ಇಳಿಸಬಲ್ಲ. ಆಗ ಎಲ್ಲರಿಗೂ ಒಂದೇ ಕಟ್ಟಪ್ಪಣೆ: ಇಳಿಯುವ ಕಡೆ ಯಾರೂ ನಿಲ್ಲಕೂಡದು. ಜಾರುವ ತಿಜೋರಿಯನ್ನು ಕೈಯೊಡ್ಡಿ ತಡೆಯಲು ಹೋದವನು ಉಳಿಯುವುದಿಲ್ಲ.

ನೆಲಕ್ಕೆ ಬಂದ ಮೇಲೆ ಉರುಳೆಗಳ ಕೆಲಸ. ನಾಲ್ಕು ಕಬ್ಬಿಣದ ಕೊಳವೆಗಳ ಮೇಲೆ ತಿಜೋರಿ ಮುಂದಕ್ಕೆ ಸರಿಯುತ್ತದೆ. ಹಿಂದೆ ಬಿಡುಗಡೆಯಾದ ಕೊಳವೆಯನ್ನು ಓಡಿ ತಂದು ಮುಂದೆ ಇಡಬೇಕು. ಉರುಳೆ ಒಂದಡಿ ಉರುಳಿದರೆ ಮೇಲಿನ ಭಾರ ಎರಡಡಿ ಚಲಿಸುತ್ತದೆ, ಹೀಗಾಗಿ ಕೊಳವೆ ಇಡುವವನಿಗೆ ಬಿಡುವೇ ಇಲ್ಲ. ತಿರುವಿನಲ್ಲಿ ಕೊಳವೆಯ ತುದಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಓರೆ ಮಾಡಿದರೆ ತಿಜೋರಿಯೂ ಅತ್ತ ತಿರುಗುತ್ತದೆ. ಜಗಲಿಯ ಎತ್ತರ ಏರಿಸಲು ಹಾರೆಯಿಂದ ಒಂದು ಬದಿಯನ್ನು ಒಂದಂಗುಲ ಮೀಟಿ ಮರದ ತುಂಡು ತೂರಿಸುವುದು, ಆಮೇಲೆ ಇನ್ನೊಂದು ಬದಿ, ಮತ್ತೊಂದು ತುಂಡು. ಹೀಗೆ ‘ಐಸಾ’ ಎಂಬ ಒಕ್ಕೊರಲಿನ ಕೂಗಿಗೆ ಅಂಗುಲ ಅಂಗುಲವಾಗಿ ಮೇಲೇರುತ್ತದೆ. ಆ ಕೂಗು ದಣಿವು ಮರೆಯಲು ಮಾತ್ರವಲ್ಲ. ಎಂಟು ಜನರ ಬಲ ಒಂದೇ ಕ್ಷಣಕ್ಕೆ ಕೂಡಲೆಂದು.

ಮುಂದೆ ಹೊಸ್ತಿಲು. ಅದನ್ನು ತುಳಿಯುವುದೇ ಅಪಚಾರವೆನ್ನುವ ಮನೆಗಳಲ್ಲಿ ಎಂಟು ಕ್ವಿಂಟಲ್ ಕಬ್ಬಿಣವನ್ನು ಅದರ ಮೇಲೆ ಉರುಳಿಸುವುದೆಂದರೇನು? ಒಳಗೊಂದು ಹೊರಗೊಂದು ಮರದ ಅಟ್ಟಣೆ ಮಾಡಿ, ಹೊಸ್ತಿಲಿಗೆ ತಾಗದಂತೆ ಮೇಲೆ ಹಲಗೆ ಹಾಸಿ ದಾಟಿಸುತ್ತಿದ್ದರು. ಶಾಸ್ತ್ರಕ್ಕೂ ಸಮಾಧಾನ, ಮರಕ್ಕೂ ರಕ್ಷೆ. ಭಾರ ಇಳಿಯಲೆಂದು ತಿಜೋರಿಯ ಬಾಗಿಲನ್ನು ಕೀಲಿನಿಂದ ಕಳಚಿ ಬೇರೆಯಾಗಿ ತರುವುದೂ ಇತ್ತು. ಆದರೆ ಗೋಡೆಯ ಭಾರ ಹೊತ್ತ ತಲೆಬಾಗಿಲ ಚೌಕಟ್ಟನ್ನು ಕಳಚುವಂತಿಲ್ಲ. ಅಗಲ ಸಾಲದಿದ್ದರೆ ಹಿತ್ತಿಲ ಗೋಡೆ ಒಡೆದು ಒಳಗೆ ತಂದು ಮತ್ತೆ ಕಟ್ಟಬೇಕು. ಮುಂದಾಲೋಚನೆಯಿದ್ದವರು ಮನೆ ಕಟ್ಟಿಸುವಾಗಲೇ ತಿಜೋರಿಯನ್ನು ತಂದಿರಿಸಿ, ಅದರ ಸುತ್ತ ಗೋಡೆ ಏರಿಸಿದರು. ಬೆರಗುಗೊಳಿಸುವ ಆ ಇಕ್ಕಟ್ಟು ಬಾಗಿಲುಗಳ ಗುಟ್ಟು ಎಷ್ಟೋ ಕಡೆ ಇಷ್ಟೇ.

ಇರಿಸುವ ಜಾಗವೂ ವಿಚಾರ ಮಾಡಬೇಕಾದದ್ದು. ನಾಲ್ಕು ಸಣ್ಣ ಗಾಲಿಗಳ ಮೇಲೆ ನಿಂತ 800 ಕಿಲೋ ಎಂದರೆ ಒಂದೊಂದು ಗಾಲಿಯಡಿ 200 ಕಿಲೋ, ಅದೂ ಹೆಬ್ಬೆರಳಿನಷ್ಟು ಜಾಗದ ಮೇಲೆ. ಕಡಪ ಕಲ್ಲು ಬಿರಿಯುತ್ತದೆ, ಗಾರೆ ನೆಲ ಕುಸಿಯುತ್ತದೆ. ಅದಕ್ಕೇ ಅಡಿಯಲ್ಲಿ ದಪ್ಪ ಹಲಗೆ ಅಥವಾ ಚಪ್ಪಡಿ. ಮರದ ತೊಲೆಯ ಮೇಲೆ ಗಾರೆ ಹಾಕಿದ ಮಹಡಿಯಾದರೆ ನಡುವೆ ಇಡುವುದು ಅಪಾಯ. ಗೋಡೆಗೆ ಒತ್ತಿ, ಹಲವು ತೊಲೆಗಳಿಗೆ ಭಾರ ಹಂಚುವಂತೆ ಇಡಬೇಕು. ನೈಋತ್ಯ ಮೂಲೆಯಲ್ಲಿ ಭಾರವಿರಲಿ, ಬಾಗಿಲು ಕುಬೇರನ ಉತ್ತರಕ್ಕೆ ತೆರೆಯಲಿ ಎನ್ನುತ್ತಾರೆ ವಾಸ್ತು ಬಲ್ಲವರು. ದಿಕ್ಕಿನ ಮಾತು ಹಾಗಿರಲಿ, ಮೂಲೆ ಎಂದದ್ದು ಮಾತ್ರ ಎಂಜಿನಿಯರನೂ ಒಪ್ಪುವ ಮಾತು.

ತಿಜೋರಿ ಕುಳಿತ ಮೇಲೆ ಕುಂಕುಮ, ಆರತಿ, ದೀಪಾವಳಿಯ ಅಮಾವಾಸ್ಯೆಗೆ ಲಕ್ಷ್ಮೀಪೂಜೆ. ಹಮಾಲರಿಗೆ ಗುತ್ತಿಗೆಯ ಹಣ, ಒಂದು ತೆಂಗಿನಕಾಯಿ, ಮನೆ ದೊಡ್ಡದಾದರೆ ಊಟ. ಬೆರಳು ಜಜ್ಜಿದರೆ, ಸೊಂಟ ಮುರಿದರೆ ಕೇಳುವವರಿಲ್ಲ. ಮನೆಯ ಸಂಪತ್ತಿಗೆ ರಕ್ಷಣೆ ತಂದುಕೊಟ್ಟವರಿಗೆ ಕಾನೂನಿನ ರಕ್ಷಣೆ ಸಿಗಲು ಬಹಳ ಕಾಲ ಹಿಡಿಯಿತು. ಹೊರೆ ಹೊರುವವರ ಕೂಲಿ ಮತ್ತು ಕ್ಷೇಮಕ್ಕಾಗಿ ಮಹಾರಾಷ್ಟ್ರ ‘ಮಾಥಾಡಿ ಹಮಾಲ’ ಕಾಯಿದೆ ಮಾಡಿದ್ದು 1969ರಲ್ಲಿ. ತಿಜೋರಿಗೆ ಅಗ್ನಿಪರೀಕ್ಷೆ ನಡೆಸಿದ ಕಾಲ, ಅದನ್ನು ಎತ್ತುವವನ ಬೆನ್ನಿನ ಪರೀಕ್ಷೆಯನ್ನು ಯಾರೂ ಮಾಡಲಿಲ್ಲ ಎನ್ನುವುದು ಕಹಿಯಾದರೂ ಸತ್ಯ.

ಅದೇ 1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿ, ಮುಂದೆ ಶಾಖೆಗಳೊಂದಿಗೆ ಲಾಕರುಗಳೂ ಸಣ್ಣ ಊರುಗಳಿಗೆ ಬಂದವು. ಮಧ್ಯಮ ವರ್ಗದ ಮನೆಗೆ ಉಕ್ಕಿನ ಬೀರು ಸಾಕೆನಿಸಿತು. ‘ಬ್ಯೂರೊ’ ಎಂಬ ಪರದೇಶಿ ಮಾತಿನಿಂದ ಬಂದ ಬೀರು, ಮದುವೆಯ ಉಡುಗೊರೆಯಾಗಿ ನಾಲ್ವರ ಹೆಗಲ ಮೇಲೆ ಯಾವ ಬಾಗಿಲಲ್ಲಾದರೂ ತೂರುತ್ತಿತ್ತು. ಸೀರೆಗಳ ನಡುವಿನ ಸಣ್ಣ ಖಾನೆಯೇ ಈಗ ಖಜಾನೆ. 2022ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳ್ಳತನ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ. ಒಡವೆಯ ಬೆಲೆಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ಅರಿತ ಕೆಲವರು ಮತ್ತೆ ಮನೆಗೆ ತಿಜೋರಿ ತರುತ್ತಿದ್ದಾರೆ. ಗುಂಡಿ ಒತ್ತಿ ತೆರೆಯುವ, ಒಬ್ಬನೇ ಎತ್ತಬಲ್ಲ ಪುಟ್ಟ ಪೆಟ್ಟಿಗೆ. ಕಳ್ಳನೂ ಒಬ್ಬನೇ ಎತ್ತಬಲ್ಲನಾದ್ದರಿಂದ ಅದನ್ನು ಬೋಲ್ಟು ಹಾಕಿ ಗೋಡೆಗೆ ಬಿಗಿಯಬೇಕೆಂದು ಮಾರುವವರೇ ಹೇಳುತ್ತಾರೆ. ಹಳೆಯ ತಿಜೋರಿಗೆ ಬೋಲ್ಟಿನ ಕೆಲಸವನ್ನು ಭಾರವೇ ಮಾಡುತ್ತಿತ್ತು.

ಆ ಹಳೆಯವು ಈಗಲೂ ಮೂಲೆಗಳಲ್ಲಿವೆ. ಕೆಲವುದರ ಬೀಗದ ಕೈ ಕಳೆದಿದೆ, ಕೆಲವುದರಲ್ಲಿ ಹಳೆಯ ಪಂಚಾಂಗ, ಅರಿಸಿನದ ಡಬ್ಬಿ. ಗುಜರಿಯವರು ಬಂದು ನೋಡುತ್ತಾರೆ, ಕಬ್ಬಿಣಕ್ಕೆ ಒಳ್ಳೆಯ ದರ ಹೇಳುತ್ತಾರೆ, ಹೊರಗೆ ಸಾಗಿಸುವ ಕೂಲಿಯನ್ನು ಲೆಕ್ಕ ಹಾಕಿ ದರ ಇಳಿಸುತ್ತಾರೆ. ಒಮ್ಮೊಮ್ಮೆ ಗ್ಯಾಸ್ ಕಟ್ಟರ್ ತಂದು ಇದ್ದಲ್ಲೇ ಕೊಯ್ಯುತ್ತಾರೆ. ಗೋಡೆಗಳ ನಡುವಿನ ಪಟಿಕದ ಪುಡಿ ನಡುಮನೆಯ ತುಂಬ ಸುರಿಯುತ್ತದೆ. ಇಲ್ಲವಾದರೆ ಮನೆ ಕೆಡವುವ ದಿನದವರೆಗೆ ಕಾಯುತ್ತಾರೆ. ಹೆಂಚು ಇಳಿದು, ತೊಲೆ ಇಳಿದು, ಗೋಡೆ ಉರುಳಿದ ಮೇಲೆ ತಿಜೋರಿಯೊಂದೇ ಬಯಲಲ್ಲಿ ನಿಂತಿರುತ್ತದೆ, ಕ್ರೇನ್ ಬರುವ ತನಕ.