ಟೆನ್ನಿಸ್ ಪಂದ್ಯಾವಳಿಗಳ ತರತಮ

ನಮ್ಮ ತಾಳವಾಡಿ ಸೀಮೆಗೆ ಒಂದು ದಿಕ್ಕಿನಲ್ಲಿ ಬೆಂಗಳೂರು, ಇನ್ನೊಂದು ದಿಕ್ಕಿನಲ್ಲಿ ಚೆನ್ನೈ. ಈ ಎರಡು ನಗರಗಳ ಟೆನ್ನಿಸ್ ವಾರ್ತೆಗಳನ್ನು ಓದುವ ವಿದ್ಯಾರ್ಥಿಗಳಿಗೆ ‘250’, ‘ಚಾಲೆಂಜರ್’ ಮುಂತಾದ ಮಾತುಗಳು ಒಗಟಿನಂತೆ ತೋರುವುದುಂಟು. ಆಟ ಒಂದೇ, ಅಂಗಣವೂ ಒಂದೇ ಅಳತೆಯದು. ಹಾಗಿರುವಾಗ ಪಂದ್ಯಾವಳಿಗಳಲ್ಲಿ ಮೇಲುಕೀಳೇಕೆ? ಇದನ್ನರಿಯಲು ಸ್ವಲ್ಪ ಇತಿಹಾಸವನ್ನು ನೋಡಬೇಕು.

1968ಕ್ಕೆ ಮುಂಚೆ ಮುಖ್ಯವಾಗಿದ್ದುದು ಹವ್ಯಾಸಿ ಮತ್ತು ವೃತ್ತಿಪರ ಎಂಬ ಒಂದೇ ಭೇದ. ಹಣಕ್ಕಾಗಿ ಆಡುವವರಿಗೆ ವಿಂಬಲ್ಡನ್ ಚಾಂಪಿಯನ್‌ಷಿಪ್ಪಿನ ಬಾಗಿಲು ಮುಚ್ಚಿತ್ತು. 1960 ಮತ್ತು 1961ರಲ್ಲಿ ಅಲ್ಲಿ ಸೆಮಿಫೈನಲ್ ಮುಟ್ಟಿದ ನಮ್ಮ ರಾಮನಾಥನ್ ಕೃಷ್ಣನ್ ಅವರು ಹವ್ಯಾಸಿಗಳಾಗಿಯೇ ಆಡಿದವರು. 1968ರಲ್ಲಿ ಬಾಗಿಲು ತೆರೆಯಿತು. ಆದರೆ ಯಾರನ್ನು ಆಟಕ್ಕೆ ಕರೆಯಬೇಕೆಂಬುದು ಇನ್ನೂ ಏರ್ಪಡಿಸುವವರ ಇಚ್ಛೆಗೆ ಸೇರಿತ್ತು. 1972ರಲ್ಲಿ ಪುರುಷ ಆಟಗಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1973ರ ಆಗಸ್ಟ್ 23ರಂದು ಆ ಸಂಘವು ಗಣಕಯಂತ್ರದ ಲೆಕ್ಕದಿಂದ ಮೊದಲ ಶ್ರೇಯಾಂಕಪಟ್ಟಿಯನ್ನು ಹೊರಡಿಸಿತು. ಮುಖ ನೋಡಿ ಮಣೆ ಹಾಕುವ ಪದ್ಧತಿ ಅಲ್ಲಿಂದ ಬಹುಮಟ್ಟಿಗೆ ತಗ್ಗಿತು. ಪೂರಾ ಹೋಯಿತೆನ್ನಲಾಗದು, ‘ವೈಲ್ಡ್ ಕಾರ್ಡ್’ ಎಂಬ ಒಂದು ಕಿಟಕಿ ಇಂದಿಗೂ ಇದೆ.

ಪುರುಷರ ಆಟದಲ್ಲಿ ಈಗಿನ ಕ್ರಮ ಹೀಗಿದೆ. ನೆತ್ತಿಯಲ್ಲಿ ಆಸ್ಟ್ರೇಲಿಯ, ಫ್ರಾನ್ಸ್, ವಿಂಬಲ್ಡನ್ ಮತ್ತು ಅಮೆರಿಕದ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳು. ಗೆದ್ದವರಿಗೆ 2000 ಅಂಕ. ಅದರ ಕೆಳಗೆ 1000, 500, 250. 2009ರಿಂದ ಗೆದ್ದವರ ಅಂಕವೇ ದರ್ಜೆಯ ಹೆಸರೂ ಆಗಿದೆ. ಅದಕ್ಕೂ ಕೆಳಗೆ 50ರಿಂದ 175 ಅಂಕಗಳವರೆಗಿನ ಚಾಲೆಂಜರ್‌ಗಳು. ಬುಡದಲ್ಲಿ ಅಂತರರಾಷ್ಟ್ರೀಯ ಟೆನ್ನಿಸ್ ಒಕ್ಕೂಟದ 15, 25 ಅಂಕಗಳ ಪಂದ್ಯಾವಳಿಗಳು. ನಮ್ಮ ದಿಂಬಂ ಘಾಟಿಯ 27 ತಿರುವುಗಳಲ್ಲಿ ಹತ್ತಿದ ತಿರುವು ಹತ್ತಿದ್ದೇ. ಟೆನ್ನಿಸ್ಸಿನಲ್ಲಿ ಹಾಗಲ್ಲ: ಗಳಿಸಿದ ಅಂಕ 52 ವಾರಗಳಾದ ಮೇಲೆ ಲೆಕ್ಕದಿಂದ ಬಿದ್ದುಹೋಗುತ್ತದೆ. ನಿಂತಲ್ಲೇ ನಿಂತವನು ಕೆಳಗಿಳಿಯುತ್ತಾನೆ.

ದರ್ಜೆಯ ಮಹಿಮೆಯನ್ನು ಬೆಂಗಳೂರು ಕಂಡಿದೆ. ಅಲ್ಲಿ 2006 ಮತ್ತು 2007ರಲ್ಲಿ ನಡೆದ ಮಹಿಳೆಯರ ಪಂದ್ಯಾವಳಿ ಅಂದಿನ ಎಣಿಕೆಯಂತೆ ಮೂರನೆಯ ದರ್ಜೆಯದು. 2008ರಲ್ಲಿ ಅದು ಎರಡನೆಯ ದರ್ಜೆಗೇರಿತು. ಆ ವರ್ಷ ವಿಲಿಯಮ್ಸ್ ಸೋದರಿಯರಿಬ್ಬರೂ ಬಂದರು, ಸೆರೀನಾ ಗೆದ್ದರು. ಪಂದ್ಯಾವಳಿಯೂ ಅಲ್ಲಿಗೇ ಮುಗಿಯಿತು. ಚೆನ್ನೈಯ ಪುರುಷರ ಪಂದ್ಯಾವಳಿ ಹೆಚ್ಚು ಕಾಲ, 1997ರಿಂದ 2017ರವರೆಗೆ, ಬಾಳಿತು. ಸ್ವಿಟ್ಜರ್ಲೆಂಡಿನ ವಾವ್ರಿಂಕಾ ಅಲ್ಲಿ ನಾಲ್ಕು ಸಲ ಗೆದ್ದರು. ನನಗೆ ಅದಕ್ಕಿಂತ ಹಿರಿದಾಗಿ ತೋರುವುದು 2009ರ ಸಂಗತಿ. ಶ್ರೇಯಾಂಕದಲ್ಲಿ ಬಹಳ ಕೆಳಗಿದ್ದ ಸೋಮದೇವ್ ದೇವ್‌ವರ್ಮನ್ ಮೇಲೆ ಹೇಳಿದ ಆ ಕಿಟಕಿಯಿಂದಲೇ ಒಳಹೊಕ್ಕು ಫೈನಲ್ ಮುಟ್ಟಿದರು. ಊರಿನ ಪಂದ್ಯಾವಳಿ ಹೋದರೆ ಊರಿನ ಹುಡುಗರ ಕಿಟಕಿಯೂ ಮುಚ್ಚುತ್ತದೆ. ಚೆನ್ನೈಯದು ಪುಣೆಗೆ ಹೋಗಿ, 2023ರಲ್ಲಿ ಅಲ್ಲಿಯೂ ಕೊನೆಗೊಂಡಿತು.

ಕೊಡಗಿನ ರೋಹನ್ ಬೋಪಣ್ಣ ಡಬಲ್ಸ್ ಆಟದಲ್ಲಿ ಚಾಲೆಂಜರ್‌ಗಳಿಂದ ಮೇಲೆ ಬಂದವರು. ಮೇಲಿನ ಶ್ರೇಣಿಯ ಮೊದಲ ಪ್ರಶಸ್ತಿ 2008ರಲ್ಲಿ. ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ. ನಡುವೆ ಹದಿನಾರು ವರ್ಷ!

ಹಾಗಾದರೆ ಕೆಳಗಿನ ಪಂದ್ಯಾವಳಿಗಳಿಂದೇನು ಪ್ರಯೋಜನ? ಸುಮಿತ್ ನಗಾಲ್ ಅವರನ್ನು ನೋಡಬಹುದು. 2017ರಲ್ಲಿ ಬೆಂಗಳೂರಿನ ಚಾಲೆಂಜರ್ ಗೆದ್ದಿದ್ದ ಇವರು, 2023ರಲ್ಲಿ ತಮ್ಮ ಬ್ಯಾಂಕು ಖಾತೆಯಲ್ಲಿರುವುದು 900 ಯೂರೋ ಮಾತ್ರವೆಂದು ಹೇಳಿಕೊಂಡಿದ್ದರು. 2024ರ ಫೆಬ್ರುವರಿಯಲ್ಲಿ ಚೆನ್ನೈಯ ಚಾಲೆಂಜರ್ ಗೆದ್ದು 98ನೆಯ ಸ್ಥಾನಕ್ಕೇರಿದರು. ಗ್ರ್ಯಾಂಡ್ ಸ್ಲಾಮ್‌ನಲ್ಲಿ ಆಡುವವರು 128 ಮಂದಿ. ಸುಮಾರು ನೂರರೊಳಗಿನವರಿಗೆ ಅರ್ಹತಾ ಸುತ್ತಿನ ತೊಡಕಿಲ್ಲದೆ ನೇರ ಪ್ರವೇಶ. ಆ ವರ್ಷ ವಿಂಬಲ್ಡನ್ನಿನ ಮೊದಲ ಸುತ್ತಿನಲ್ಲಿ ಸೋತವರಿಗೂ 60,000 ಪೌಂಡು ದೊರೆಯಿತು. ನಗಾಲ್ ಅಲ್ಲಿ ಮೊದಲ ಸುತ್ತಿನಲ್ಲೇ ಸೋತರು. ಆದರೂ ಜುಲೈ ತಿಂಗಳಲ್ಲಿ 68ನೆಯವರಾದರು. 2025ರಲ್ಲಿ ಹಿಂದಿನ ವರ್ಷದ ಅಂಕಗಳು ಕಳಚಿಬಿದ್ದು ಮತ್ತೆ ನೂರರ ಹೊರಗಾದರು. ಮತ್ತೆ ಚಾಲೆಂಜರ್‌ಗಳ ದಾರಿ ಹಿಡಿದರು.